ಕಾಗೆ ಕಾಯುವ ಓದು

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಕುಮಟಾದ ಕಾಲೇಜಿನಲ್ಲಿ ಕನ್ನಡ ಕಲಿಸಿದ ತಪ್ಪಿಗೆ ನಿವೃತ್ತಿಯಾದ ಮೇಲೂ ಜನ ಕೇಳುತ್ತಾರೆ: ಬೇಸಿಗೆಗೆ ಎಂತ ಓದುವುದು, ಮಕ್ಕಳಿಗೆ ಯಾವುದು ಕೊಡುವುದು, ಭಟ್ಕಳದ ಬಸ್ಸಿನಲ್ಲಿ ಕೂತು ಮುಗಿಸುವಂಥದ್ದು ಏನಾದರೂ ಇದೆಯೇ. ಕೇಳುವವರಲ್ಲಿ ಅರ್ಧಕ್ಕರ್ಧ ಜನ ಓದುವವರಲ್ಲ, ನನಗೆ ಗೊತ್ತು. ಆದರೂ ಹೇಳುತ್ತೇನೆ. ಬಾಯಿಚಟ.

ನನ್ನ ಅಳತೆ ಒಂದೇ. ಕಾಗೆ ಕಾಯುತ್ತ ಓದಲು ಬರುವ ಪುಸ್ತಕ ಬೇಸಿಗೆಗೆ ಒಳ್ಳೆಯದು. ನಾವು ಸಣ್ಣವರಿದ್ದಾಗ ಹಲಸಿನ ಹಪ್ಪಳ ಅಂಗಳದ ಚಾಪೆಯ ಮೇಲೆ ಒಣಗುವಷ್ಟು ಹೊತ್ತೂ ಯಾರಾದರೊಬ್ಬರು ಕೋಲು ಹಿಡಿದು ಕೂರಬೇಕಿತ್ತು. ಆ ಕೆಲಸಕ್ಕೆ ನನ್ನ ಅಕ್ಕ ತಾನಾಗಿ ಮುಂದೆ ಬರುತ್ತಿದ್ದಳು. ಹೆಣ್ಣುಮಗಳೊಬ್ಬಳು ಕೂತಲ್ಲೇ ಕೂತಿದ್ದರೂ ಮನೆಯವರು ಬೈಯದ ಕೆಲಸ ಅದೊಂದೇ. ಒಂದು ಕೈಯಲ್ಲಿ ಕೋಲು, ತೊಡೆಯ ಮೇಲೆ ಪುಸ್ತಕ, ಪುಟದ ಗುರುತಿಗೆ ಕಸಬರಿಗೆಯಿಂದ ಎಳೆದ ತೆಂಗಿನ ಕಡ್ಡಿ. ನನಗೆ ಓದಿನ ರುಚಿ ಹತ್ತಿಸಿದವಳು ಅವಳು. ಕಾಲೇಜಿಗೆ ಹೋದದ್ದು ನಾನು. ಅವಳನ್ನು ಹೊನ್ನಾವರದಾಚೆಯ ಮಂಕಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟರು.

ಆಮೇಲೆ ಪ್ರತಿ ಬೇಸಿಗೆಗೂ ಅವಳಿಗೆ ಒಂದು ಕಟ್ಟು ಪುಸ್ತಕ ಕಳಿಸುತ್ತಿದ್ದೆ, ಹೊನ್ನಾವರ ದಾಟಿ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ. ಮೊದಲ ಪುಟದಲ್ಲಿ ‘ಅಕ್ಕನಿಗೆ’ ಎಂದು ಬರೆದೇ ಕಳಿಸುವುದು. ಹಪ್ಪಳ ಕಾಯುವಾಗ ಓದುತ್ತೇನೆ ಅನ್ನುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಭಾವ ಹೊನ್ನಾವರದ ಅಂಗಡಿಯಿಂದ ನೈಲಾನ್ ಬಲೆ ತಂದು ಹಪ್ಪಳದ ಮೇಲೆ ಕಟ್ಟಿಸಿದರು. ಇನ್ನು ನೀನು ಬಿಸಿಲಲ್ಲಿ ಕೂರುವುದು ಬೇಡ ಎಂದರಂತೆ. ಎಂಥ ಒಳ್ಳೆಯ ಗಂಡ ಎಂದು ಕೇರಿಯೆಲ್ಲ ಹೊಗಳಿತು. ಕಾಗೆಗೂ ಅಕ್ಕನಿಗೂ ಒಟ್ಟಿಗೇ ದಾರಿ ಮುಚ್ಚಿತು.

ಹೋದ ಏಪ್ರಿಲ್‌ನಲ್ಲಿ ಭಾವನೇ ಫೋನು ಮಾಡಿದರು. ಅವರು ಊರಿನ ಶಾಲೆಯ ಸಮಿತಿಗೆ ಅಧ್ಯಕ್ಷರು. ರಜೆಗೆ ಮುಂಚೆ ಪುಸ್ತಕದ ಕಪಾಟಿನ ಉದ್ಘಾಟನೆ ಇದೆ, ರಜೆಯಲ್ಲಿ ಏನು ಓದಬೇಕೆಂದು ನೀನು ಬಂದು ಮಕ್ಕಳಿಗೆ ಹೇಳಬೇಕು ಎಂದರು. ಹೋದೆ. ನಮ್ಮ ಕಡೆ ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೂ ಕೊಟ್ಟವರ ಹೆಸರು ಬರೆಸುತ್ತಾರೆ, ಗಾಳಿಗೂ ಒಬ್ಬ ಯಜಮಾನ ಬೇಕು. ಕಪಾಟಿನ ಮೇಲೆ ಭಾವನ ಹೆಸರು ಕೆಂಪು ಬಣ್ಣದಲ್ಲಿತ್ತು. ಒಳಗಿದ್ದವು ನಾನು ಅಕ್ಕನಿಗೆ ಕಳಿಸಿದ ಪುಸ್ತಕಗಳು. ಅತ್ತೆ ಒಡವೆ ಅಳಿಯ ದಾನ ಮಾಡಿದ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಒಂದು ಕಾದಂಬರಿ ತೆಗೆದು ನೋಡಿದೆ. ‘ಅಕ್ಕನಿಗೆ’ ಎಂದಿದ್ದ ಜಾಗಕ್ಕೆ ಭಾವನ ಹೆಸರಿನ ಚೀಟಿ ಅಂಟಿಸಿದ್ದರು. ನಡುವಿನಲ್ಲಿ ತೆಂಗಿನ ಕಡ್ಡಿ ಹಾಗೇ ಇತ್ತು. ಅದನ್ನು ಅಲ್ಲೇ ಇಟ್ಟು ಅಕ್ಕನನ್ನು ಹುಡುಕಿಕೊಂಡು ಹೋದೆ.

ಅವಳು ಶಾಲೆಯ ಹಿಂದಿನ ಜಗಲಿಯಲ್ಲಿ ಎಲ್ಲರಿಗೂ ಮುರುಗಲು ಶರಬತ್ತು ಕಲಕುತ್ತಿದ್ದಳು. ಯಾಕೆ ಸುಮ್ಮನಿದ್ದೆ ಎಂದು ಜೋರು ಮಾಡಿದೆ. ಮನೆಯಲ್ಲಿ ಗೆದ್ದಲು ತಿನ್ನುವ ಬದಲು ಮಕ್ಕಳಿಗಾಗಲಿ ಎಂದು ಭಾವ ಹೊತ್ತುಕೊಂಡು ಬಂದರಂತೆ. ಇವಳನ್ನು ಕೇಳಲಿಲ್ಲವಂತೆ. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದಳು.

“ಆ ಕಡ್ಡಿ ಇಟ್ಟ ಕಾದಂಬರಿ ನಂದು ಅರ್ಧ ಆಗಿತ್ತು. ಆ ಕೂಸು ಕಡೆಗೆ ಗಂಡನ ಮನೆ ಬಿಟ್ಟು ಹೋಗ್ತಾ, ಇಲ್ಯಾ? ಅದೊಂದು ಹೇಳು.”

ಆ ಹುಡುಗಿಯ ಕಥೆ ನಾನು ಹೇಳುವುದಿಲ್ಲ, ನೀನೇ ಓದು ಎಂದೆ. ಆ ಪುಸ್ತಕವನ್ನು ಅವಳ ಕೈಗೆ ಕೊಡಿಸಿಯೇ ಹೊರಡುವುದೆಂದು ನನಗೆ ಹಠ.

ವೇದಿಕೆ ಹತ್ತಿ ಮಕ್ಕಳಿಗೆ ಹೇಳುವುದನ್ನೆಲ್ಲ ಹೇಳಿದೆ. ದಪ್ಪ ಪುಸ್ತಕಕ್ಕೆ ಹೆದರಬೇಡಿ, ಬೇಸರ ಬಂದರೆ ಪುಟ ಹಾರಿಸಿ, ಅರ್ಧಕ್ಕೆ ನಿಂತದ್ದನ್ನು ಮೊದಲು ಮುಗಿಸಿ. ಮಕ್ಕಳು ಕಪಾಟನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಅದಕ್ಕೆ ಬೀಗ ಬಿದ್ದಾಗಿತ್ತು. ರಜೆಯಲ್ಲಿ ಪುಸ್ತಕ ಕಳೆದುಹೋದರೆ ಯಾರು ಹೊಣೆ, ಇನ್ನು ತೆಗೆಯುವುದು ಶಾಲೆ ಶುರುವಾದ ಮೇಲೇ ಅಂತೆ. ಬೇಸಿಗೆ ಓದಿಗೆ ಇಂಥ ಉದ್ಘಾಟನೆ! ನಾನು ಮೈಕಿನಲ್ಲೇ ಕೇಳಿದೆ: ರಜೆ ಮುಗಿಯುವವರೆಗೆ ಬೀಗದ ಕೈ ನನ್ನ ಅಕ್ಕನ ಹತ್ತಿರ ಇರಲಿ, ಅವಳೂ ಓದುತ್ತಾಳೆ, ಮಕ್ಕಳಿಗೂ ಕೊಡುತ್ತಾಳೆ. ಅಕ್ಕ ಲೋಟಗಳ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಭಾವ ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

“ಇವಳು ಓದೂಕೆ ಕೂತ್ರೆ ನಿಮಗೆಲ್ಲ ಶರಬತ್ತು ಕೊಡೋರು ಯಾರು?”

ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರುಗಳು ನಕ್ಕರು, ಮಕ್ಕಳು ನಕ್ಕರು. ಅಕ್ಕನೂ ನಕ್ಕಳು. ಬೀಗದ ಕೈ ಭಾವನ ಕಿಸೆಗೆ ಹೋಯಿತು.

ನನ್ನನ್ನು ಬಸ್ಸು ಹತ್ತಿಸಲು ಅವಳು ಹೆದ್ದಾರಿಯವರೆಗೆ ಬಂದಳು. ಇನ್ನೊಂದು ಪ್ರತಿ ಕೊಂಡು ಕಳಿಸುತ್ತೇನೆ ಎಂದೆ. ಬೇಡ, ಅದೂ ಕಪಾಟಿಗೇ ಹೋಗುತ್ತದೆ ಎಂದಳು. ಹಾಗಾದರೆ ಕಥೆಯನ್ನೇ ಹೇಳಿಬಿಡುತ್ತೇನೆ ಎಂದು ಬಾಯಿ ತೆಗೆದೆ. ಅಕ್ಕ ತಲೆಯಾಡಿಸಿದಳು.

“ಬ್ಯಾಡ ಬಿಡು. ಎಲ್ಲರ ಜೊತಿಗೆ ನಾನೂ ನಗ್ಯಾಡ್ದಿ ಅಲ್ದಾ, ಆಗ್ಲೇ ಗೊತ್ತಾತು. ಆ ಕೂಸು ಹೋಗ್ತಿಲ್ಲೆ.”

ಅವಳು ಹೇಳಿದ್ದು ಸರಿ. ಪುಸ್ತಕದಲ್ಲೂ ಆ ಹುಡುಗಿ ಹೋಗುವುದಿಲ್ಲ.