ಪ್ರೆಸ್ಸಿಗೆ ಕಟ್ಟಿದ ನಿಂಬೆಹಣ್ಣು

ಯಲಹಂಕದ ಕಾರ್ಖಾನೆಯೊಂದರ ಫೋರ್‌ಮನ್ ಬ್ಯಾಟರಾಯಪ್ಪ ಲೆಕ್ಕದಲ್ಲಿ ಎಂದೂ ತಪ್ಪಿದವನಲ್ಲ. ೧೯೮೪ರಲ್ಲಿ ಸುರಕ್ಷತಾ ಅಧಿಕಾರಿ ವೇಣುಗೋಪಾಲ ಅವನ ಮುಂದೆ ಒಂಬತ್ತು ಅಪಾಯಗಳ ಪಟ್ಟಿ ಇಟ್ಟರು. ಪ್ರತಿಯೊಂದಕ್ಕೂ ಮೂರು ಅಂಕ: ಎಷ್ಟು ಸಲ ಆಗಿದೆ, ಆದಾಗ ಎಷ್ಟು ಪೆಟ್ಟು, ತಡೆಯುವುದು ಎಷ್ಟು ಸುಲಭ. ಮೂರನ್ನೂ ಗುಣಿಸಿದಾಗ ಮೇಲೆ ಬಂದ ಮೂರಕ್ಕೆ ಮಾತ್ರ ಆ ವರ್ಷ ರಿಪೇರಿ.

“ತಗಡು ಒತ್ತೋ ದೊಡ್ಡ ಪ್ರೆಸ್ಸು ತಾನಾಗೇ ಎಷ್ಟು ಸಲ ಕೆಳಗಿಳಿದಿದೆ?”

“ರಿಜಿಸ್ಟರಲ್ಲಿ ಒಂದೂ ಇಲ್ಲ ಸಾರ್. ಸೊನ್ನೆ ಹಾಕ್ಕೊಳ್ಳಿ.”

ಸೊನ್ನೆಯಿಂದ ಗುಣಿಸಿದ ಮೇಲೆ ಉಳಿಯುವುದೇನು? ಪ್ರೆಸ್ಸು ಪಟ್ಟಿಯ ಕೊನೆಗೆ ಹೋಯಿತು.

ರಿಜಿಸ್ಟರಿನಲ್ಲಿ ಇರಲಿಲ್ಲ ನಿಜ. ಬರೆದರೆ ಗೇಟಿನ ‘ಅಪಘಾತವಿಲ್ಲದ ದಿನಗಳು’ ಬೋರ್ಡು ಮತ್ತೆ ಒಂದರಿಂದ ಶುರುವಾಗಬೇಕಿತ್ತು; ಯಾರಿಗೆ ಬೇಕಿತ್ತು ಆ ಅವಮಾನ? ಹಾಗಾಗಿ ಪ್ರೆಸ್ಸು ಸುಮ್ಮಸುಮ್ಮನೆ ಇಳಿದು ಯಾರದೋ ಕೈ ಕೂದಲೆಳೆಯಲ್ಲಿ ಉಳಿದಾಗಲೆಲ್ಲ ಬ್ಯಾಟರಾಯಪ್ಪ ಬರೆಯುತ್ತಿರಲಿಲ್ಲ. ದೃಷ್ಟಿ ತೆಗೆದು, ಅದರ ನೆತ್ತಿಯ ತಂತಿಗೆ ಒಂದು ನಿಂಬೆಹಣ್ಣು ಪೋಣಿಸುತ್ತಿದ್ದ.

ಪಟ್ಟಿಯಾದ ಐದು ತಿಂಗಳಿಗೆ ಪ್ರೆಸ್ಸು ಅಲ್ಲಾಳಸಂದ್ರದ ಕಾರ್ಮಿಕ ಮುನಿಆಂಜಿನಪ್ಪನ ಬಲಗೈ ಮೇಲೆ ಇಳಿಯಿತು. ಮಣಿಕಟ್ಟಿನ ತನಕ ಏನೂ ಉಳಿಯಲಿಲ್ಲ.

ವಾರದ ನಂತರ ಅವನ ಹೆಂಡತಿ ಅಕ್ಕಯ್ಯಮ್ಮ ಗೇಟಿಗೆ ಬಂದಳು. ಬಯ್ಯುತ್ತಾಳೆಂದು ಬ್ಯಾಟರಾಯಪ್ಪ ತಲೆ ತಗ್ಗಿಸಿ ನಿಂತ. ಅವಳು ಸೆರಗಿನಿಂದ ನಿಂಬೆಹಣ್ಣೊಂದನ್ನು ಬಿಚ್ಚಿ ಕೈಗಿಟ್ಟಳು.

“ನೀನೇ ಕಟ್ಟಣ್ಣ. ಇನ್ಯಾರ್ಗೂ ಇಂಗಾಗ್ಬಾರ್ದು.”

ಒಳಗೆ ಹೋಗಿ ಕಟ್ಟಲು ಕೈಯೆತ್ತಿದಾಗ, ಅವನು ಮೊದಲ ಬಾರಿಗೆ ತಂತಿಯಲ್ಲಿ ಒಣಗಿ ಕಪ್ಪಾದ ಹಣ್ಣುಗಳನ್ನು ಎಣಿಸಿದ. ಹನ್ನೊಂದಿದ್ದವು.