ಶೇಕ್ದಾರರ ವಂದನೆ ಕಾರ್ಡು

ಅಂಚೆಯ ಬೀರಯ್ಯನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡ ಗಳಿಗೆ ನನಗೆ ಗೊತ್ತು. ನಮ್ಮ ಯಗಟಿಯ ಚಾವಡಿಯಲ್ಲಿ ಕಂದಾಯದ ಶೇಕ್ದಾರ್ ಓಂಕಾರಮೂರ್ತಿಗಳ ತಲೆಗೆ ಜರಿ ಪೇಟ ಸುತ್ತಿದಾಗ. ಪಿಂಚಣಿಯ ಮೇಲೆ ಹೋಗುತ್ತಿದ್ದ ಅವರಿಗೆ ಸುತ್ತಲ ಹಳ್ಳಿಯವರು ಶಾಲು, ಬೆಳ್ಳಿ ತಟ್ಟೆ, ಕೊಬ್ಬರಿ ಮೂಟೆ ತಂದು ಸುರಿದರು. ಹಿರೇನಲ್ಲೂರಿನವರಂತೂ ಕೊಬ್ಬಿದ ಟಗರನ್ನೇ ಎಳೆದು ತಂದಿದ್ದರು. ಮಾಂಸ ಮುಟ್ಟದ ಮನುಷ್ಯನಿಗೆ ಟಗರು, ಬುದ್ಧಿ ಬೇಡವೇ!

ಬೀರಯ್ಯ ಚೀಲ ಹೆಗಲಿಗೆ ಹಾಕಿಕೊಂಡು ಕಂಬದ ಪಕ್ಕ ನಿಂತಿದ್ದ. "ಕುದ್ರೆ ಮ್ಯಾಲೆ ಬಂದು ಗದರಿಸಿ ಹೋದೋರ್ಗೆ ಇಷ್ಟೊಂದು. ಬಿಸ್ಲಲ್ಲಿ ಕಾಲು ಸವೆಸ್ದೋನ್ಗೆ ಏನ್ ಕೊಡ್ತಾರೋ ನೋಡಾನ ಮೇಷ್ಟ್ರೇ" ಎಂದ. ಬರುವ ಯುಗಾದಿಗೆ ಅವನದೂ ನೌಕರಿ ಮುಗಿಯುತ್ತಿತ್ತು. ಊರಲ್ಲಿ ಒಬ್ಬರಿಗೂ ಅದರ ನೆನಪಿರಲಿಲ್ಲ.

ಆಮೇಲೆ ನನಗೆ ಗ್ರಹಚಾರ ವಕ್ಕರಿಸಿತು. ಉಡುಗೊರೆ ಕೊಟ್ಟವರಿಗೆಲ್ಲ ಇಂಗ್ಲಿಷರ ಹಾಗೆ ವಂದನೆಯ ಕಾಗದ ಬರೆಯಬೇಕೆಂದು ಶೇಕ್ದಾರರು ಕಡೂರಿನಲ್ಲಿ ಯಾರಿಂದಲೋ ಕಲಿತು ಬಂದಿದ್ದರು. ನಮ್ಮ ಕಡೆ ಒಬ್ಬರು ಕೊಟ್ಟರೆ ಅವರ ಮನೆಯ ಶುಭಕಾರ್ಯಕ್ಕೆ ಹೋಗಿ ಮುಯ್ಯಿ ಹಾಕಿ ಬರುತ್ತೇವೆ. ಕಾಗದ ಕೊಟ್ಟು ಕೈ ತೊಳೆದುಕೊಂಡವರನ್ನು ನಾನು ಕಂಡಿರಲಿಲ್ಲ. ಶಾಲೆ ಮೇಷ್ಟರಾದ ತಪ್ಪಿಗೆ ನಾನು ಕೂತು ಅಷ್ಟೂ ಕಾರ್ಡು ಬರೆದೆ. ತಾವು ಕೊಟ್ಟ ಇಂಥ ವಸ್ತುವಿನಿಂದ ಸಂತೋಷವಾಯಿತು, ತಮಗೆ ವಂದನೆಗಳು. ಇಷ್ಟೇ, ಇದರ ಮೇಲೆ ಒಂದಕ್ಷರವಿಲ್ಲ.

ಕಾರ್ಡುಗಳು ಬೀರಯ್ಯನ ಚೀಲಕ್ಕೇ ಬಿದ್ದವು. ಓದು ಬರುವವರು ಕಡಿಮೆಯಾದ್ದರಿಂದ ಕಾಗದ ತಂದವನೇ ಜಗಲಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿ ಹೇಳುವುದು ನಮ್ಮಲ್ಲಿ ವಾಡಿಕೆ. ಪಕ್ಕದ ಮನೆಯ ಹನುಮಂತಪ್ಪನಿಗೆ ಅವನು ಓದುತ್ತಿದ್ದುದು ನನ್ನ ಕಿವಿಗೂ ಬಿತ್ತು. ವಂದನೆ ಮುಗಿಯಿತು, ಬೀರಯ್ಯ ನಿಲ್ಲಿಸಲಿಲ್ಲ. "ಅಂಚೆಯ ಬೀರಯ್ಯನೂ ಯುಗಾದಿಗೆ ಪಿಂಚಣಿಯ ಮೇಲೆ ಹೋಗುತ್ತಾನೆ. ನನ್ನಲ್ಲಿಟ್ಟ ವಿಶ್ವಾಸವನ್ನೇ ಅವನಲ್ಲೂ ಇಡತಕ್ಕದ್ದು" ಎಂದು ಗಟ್ಟಿಯಾಗಿ ಓದಿದ. ಎಲಾ ಇವನಾ! ಎಂಥ ಎದೆಗಾರಿಕೆ! ನಾನು ಬಾಯಿಗೆ ಪಂಚೆ ಒತ್ತಿಕೊಂಡು ನಕ್ಕೆ. ಬಡಪಾಯಿಗೆ ಒಂದು ಪಂಚೆ ಸಿಕ್ಕರೆ ನನ್ನ ಗಂಟೇನು ಹೋಗುತ್ತದೆ ಎಂದು ಸುಮ್ಮನಾದೆ.

ಕಾರ್ಡು ಹೋದ ಊರಿಗೆಲ್ಲ ಆ ಸಾಲೂ ಹೋಯಿತು. ಇಡತಕ್ಕದ್ದು ಎಂದರೆ ಸರ್ಕಾರಿ ಅಪ್ಪಣೆಯ ಮಾತು, ಜನ ಅಪ್ಪಣೆಯೆಂದೇ ತಿಳಿದರು. ಯುಗಾದಿಯ ಹೊತ್ತಿಗೆ ಬೀರಯ್ಯನ ಜಗಲಿಯ ಮೇಲೆ ಕೊಬ್ಬರಿ, ಬೆಲ್ಲ, ಪಂಚೆ ಬಂದು ಬಿದ್ದವು. ಆದರೆ ತಂದವರೆಲ್ಲ ಇಳಿಸುವಾಗ ಹೇಳಿದ್ದು ಒಂದೇ ಮಾತು: ಶೇಕ್ದಾರರು ಬರೆದಿದ್ದರಲ್ಲ, ಅದಕ್ಕೆ ತಂದೆವು. ತಮ್ಮ ಕಾಗದದಲ್ಲಿ ಅಂಚೆಯವನನ್ನೂ ನೆನೆದ ಪುಣ್ಯಾತ್ಮರೆಂದು ಅವರನ್ನು ಹೊಗಳಿದ್ದೇ ಹೊಗಳಿದ್ದು.

ಹೆಂಡತಿ ದುರ್ಗಮ್ಮ ಹಿಗ್ಗಿನಿಂದ ಎಲ್ಲವನ್ನೂ ಒಳಗೆ ಸಾಗಿಸುತ್ತಿದ್ದಳು. ಬೀರಯ್ಯ ಮುಖ ಕಪ್ಪಿಟ್ಟುಕೊಂಡು ಮೂಲೆ ಹಿಡಿದ. "ನಮ್ಮನೇಗೂ ಬಂದು ಕೂತ್ನಲ್ಲ ಕಣೇ ಆ ಶೇಕ್ದಾರ" ಎಂದ. ತನ್ನ ಮನೆಯ ಕೊಬ್ಬರಿಯನ್ನು ಕಂಡರೂ ಅವನಿಗೆ ಮೈ ಉರಿಯುತ್ತಿತ್ತು. ಸಾಲದ್ದಕ್ಕೆ, ಉಪಕಾರ ಮಾಡಿದ ಶೇಕ್ದಾರರಿಗೆ ನೀನೂ ಒಂದು ವಂದನೆ ಕಾರ್ಡು ಹಾಕು ಎಂದು ಊರವರು ಬೆನ್ನು ಬಿದ್ದರು. ಹಲ್ಲು ಕಚ್ಚಿಕೊಂಡು ಹೇಳಿದ, ನಾನು ಬರೆದೆ. ಯಾತಕ್ಕೆ ಈ ವಂದನೆ ಎಂದು ತಿಳಿಯದೆ ಸಾಹೇಬರು ತಲೆ ಕೆರೆದುಕೊಂಡಿರಬೇಕು.

ಇನ್ನು ಅವನು ನೆಚ್ಚಿಕೊಂಡಿದ್ದದ್ದು ನಮ್ಮೂರ ಲಿಂಗಮ್ಮನೊಬ್ಬಳನ್ನೇ. ಅವಳ ಮಗಳನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ಮಗಳ ಬಸಿರು, ಬಾಣಂತನ, ಕಾಯಿಲೆ ಎಲ್ಲವೂ ತಾಯಿಗೆ ತಿಳಿದದ್ದು ಬೀರಯ್ಯನ ಬಾಯಿಂದ. ಕೆಟ್ಟ ಸುದ್ದಿಯಿದ್ದರೆ ಮೊದಲು ನೀರು ಕೇಳಿ ಕುಡಿದು, ಅವಳನ್ನು ಕೂರಿಸಿ, ಆಮೇಲೆ ಮೆಲ್ಲಗೆ ಓದುತ್ತಿದ್ದ. ಅವಳು ಶೇಕ್ದಾರರಿಗೆ ಏನನ್ನೂ ಕೊಟ್ಟವಳಲ್ಲ. ಅವಳ ಕೈಯಿಂದ ಒಂದು ತೆಂಗಿನಕಾಯಿ ಬಂದರೂ ಅದು ತನ್ನದೇ ಎಂದು ಬೀರಯ್ಯ ನನ್ನೆದುರು ಹೇಳಿದ್ದ.

ಹಬ್ಬದ ಮಾರನೆಯ ದಿನ ಲಿಂಗಮ್ಮ ಬಂದಳು, ಬರಿಗೈಯಲ್ಲಿ. ನಾನೂ ಜಗಲಿಯಲ್ಲೇ ಇದ್ದೆ.

"ನಿಂಗೇ ಅಂತ ಉಣ್ಣೆ ನೂತು ಕಂಬ್ಳಿ ನೇಯ್ಸಿದ್ದೆ ಕಣಪ್ಪ ಬೀರಯ್ಯ" ಎಂದಳು. "ಹನುಮಂತಪ್ಪನ ಜಗ್ಲೀಲಿ ಆ ಕಾಗ್ದ ಓದಿದ್ಯಲ್ಲ, ಅವತ್ತೇ ಮನಸ್ಸು ಕೆಟ್ಟೋಯ್ತು. ಈಗ ಕೊಟ್ರೆ ಶೇಕ್ದಾರ್ರು ಹೇಳಿದ್ದಕ್ಕೆ ಕೊಟ್ಲು ಅಂತಾರೆ. ಯಾರ್ದೋ ಅಪ್ಪಣೆಗೆ ಕೊಡೋ ಕಂಬ್ಳಿ ಅಲ್ಲ ಅದು. ಅಳಿಯ ಬಂದಿದ್ದ, ಹೊದ್ಸಿ ಕಳಿಸ್ಬಿಟ್ಟೆ. ಬೇಜಾರ್ ಮಾಡ್ಕಬೇಡ."

ಆ ಸಾಲು ಯಾರದೆಂದು ಬಲ್ಲವರು ಅಲ್ಲಿ ನಾವಿಬ್ಬರೇ. ಬೀರಯ್ಯ ನನ್ನ ಮುಖ ನೋಡಿದ. "ಇರ್ಲಿ ಬಿಡು ಲಿಂಗಕ್ಕ" ಎಂದ.

ಮಳೆಗಾಲದ ಮೊದಲಲ್ಲಿ ಅವನೂ ನಾನೂ ಕಡೂರು ಸಂತೆಗೆ ಹೋಗಿದ್ದೆವು. ಲಿಂಗಮ್ಮನ ಅಳಿಯ ಕರಿ ಕಂಬಳಿ ಹೊದ್ದು ಎದುರಿಗೇ ಹಾದು ಹೋದ. ಬೀರಯ್ಯ ಕೊಳ್ಳಲು ಬಂದದ್ದನ್ನೆಲ್ಲ ಬಿಟ್ಟು ಅವನ ಹಿಂದೆ ಹಿಂದೆಯೇ ನಡೆದ. ಹನಿ ಬೀಳತೊಡಗಿತ್ತು.

"ಏನ್ ನೇಯ್ಗೆ ನೋಡಿ ಮೇಷ್ಟ್ರೇ, ಒಂದು ಹನಿ ಒಳೀಕ್ ಇಳೀತಿಲ್ಲ" ಎಂದ. ಸ್ವಲ್ಪ ದೂರ ಹೋದ ಮೇಲೆ, "ಅದು ನಂದು ಕಣ್ರೀ" ಎಂದ.