ಅವಳ ಎಡಗೈ ಹೆಬ್ಬೆರಳು

ಬಿ.ಎಡ್. ಓದುವಾಗ ಪಾಠ ಮಾಡುವ ಅಭ್ಯಾಸಕ್ಕೆಂದು ನನ್ನನ್ನು ಚನ್ನಪಟ್ಟಣದ ಹತ್ತಿರದ ಒಂದು ಹೈಸ್ಕೂಲಿಗೆ ಹಾಕಿದ್ದರು. ಅಂದು ಹತ್ತನೇ ತರಗತಿಗೆ ತೋರಿಸಬೇಕಾಗಿದ್ದ ಪ್ರಯೋಗ ಚಿಕ್ಕದು. ಕುದುರೆಲಾಳದ ಕಾಂತದ ನಡುವೆ ತಂತಿಗಳಿಂದ ತೂಗುಬಿಟ್ಟ ಅಲ್ಯೂಮಿನಿಯಂ ಸರಳಿನಲ್ಲಿ ವಿದ್ಯುತ್ ಹರಿಸಿದರೆ ಸರಳು ಪಕ್ಕಕ್ಕೆ ಸರಿಯುತ್ತದೆ. ನಮ್ಮ ಕಾಲೇಜಿನ ಮೇಡಂ ನನಗೆ ಅಂಕ ಹಾಕಲು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಮಕ್ಕಳನ್ನು ಮೇಜಿನ ಆಚೆ ಬದಿಗೆ, ನನ್ನೆದುರು ಕರೆದು ನಿಲ್ಲಿಸಿಕೊಂಡೆ.

ಸ್ವಿಚ್ ಒತ್ತಿದೆ. ಸರಳು ಅಲುಗಲಿಲ್ಲ. ಮತ್ತೆ ಒತ್ತಿದೆ.

"ಕರೆಂಟ್ ಹೋಗೈತೆ ಅನ್ಸುತ್ತೆ ಮಿಸ್."

"ಬ್ಯಾಟ್ರಿ ಕಣ್ಲಾ ಅದು!"

ತರಗತಿ ನಕ್ಕಿತು. ಮೇಡಂ ಪೆನ್ನು ಕೈಗೆತ್ತಿಕೊಂಡರು. ಮೂರನೆಯ ಸಲ ಒತ್ತುವಾಗ ನಾನು ಮೊಣಕಾಲಿನಿಂದ ಮೇಜನ್ನು ನೂಕಿದೆ. ಸರಳು ನನ್ನ ಕಡೆಗೆ ತೂಗಿತು. ಅದು ವಾಪಸ್ಸು ಹೋಗುವ ಮೊದಲೇ ಬೆರಳಿನಿಂದ ಹಿಡಿದು ನಿಲ್ಲಿಸಿ, "ನೋಡಿದಿರಾ?" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಅಕ್ಕೂರಿನಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಮಾತ್ರ ತಟ್ಟಲಿಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ದ ಕಲೆ ಅವಳ ಬೆರಳುಗಳಲ್ಲಿ ಇನ್ನೂ ಇತ್ತು. ಹಿಂದಿನ ದಿನ ನಾನೇ ಕಲಿಸಿದ್ದ ಎಡಗೈ ನಿಯಮದಂತೆ ತೋರುಬೆರಳನ್ನು ಕಾಂತಕ್ಷೇತ್ರದತ್ತ, ನಡುಬೆರಳನ್ನು ವಿದ್ಯುತ್ ಹರಿಯುವತ್ತ ಚಾಚಿ ಮೇಜಿನ ಮೇಲೆ ಬಗ್ಗಿದ್ದಳು. ಆಗ ಸರಳು ಸರಿಯಬೇಕಾದದ್ದು ಹೆಬ್ಬೆರಳು ತೋರುವ ಕಡೆಗೆ.

"ಮಿಸ್, ನನ್ ಹೆಬ್ಬೆಟ್ಟು ನಮ್ ಕಡೀಕೆ ತೋರುಸ್ತೈತೆ. ಸರಳು ನಿಮ್ ಕಡೀಕೆ ಬಂತು."

"ಕೈ ತಪ್ಪಾಗಿ ಹಿಡಿದಿದ್ದೀಯ. ತಿರುಗಿಸು."

ಹೆಬ್ಬೆರಳು ನನ್ನತ್ತ ಬರುವವರೆಗೂ ಅವಳು ಮಣಿಕಟ್ಟು ತಿರುಚಿದಳು. ಮೇಡಂ ಒಳ್ಳೆಯ ಅಂಕ ಕೊಟ್ಟರು.

ಸಂಜೆ ಲ್ಯಾಬಿನಲ್ಲಿ ಒಬ್ಬಳೇ ನೋಡಿದೆ. ತಾಮ್ರದ ತಂತಿಯ ತುದಿಯ ಮೇಲಿನ ವಾರ್ನಿಷನ್ನು ನಾನು ಕೆರೆದೇ ಇರಲಿಲ್ಲ. ವಿದ್ಯುತ್ ಹರಿದೇ ಇರಲಿಲ್ಲ. ಬ್ಲೇಡಿನಿಂದ ಕೆರೆದು ಸ್ವಿಚ್ ಒತ್ತಿದೆ. ಸರಳು ತಟ್ಟನೆ ಮಕ್ಕಳು ನಿಲ್ಲುವ ಕಡೆಗೆ ಹಾರಿತು. ಅವಳ ಹೆಬ್ಬೆರಳು ಹೇಳಿದ್ದೂ ಅದನ್ನೇ.

ಮರುದಿನ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋದೆ. ಪ್ರಯೋಗವನ್ನು ಸರಿಯಾಗಿ ತೋರಿಸಿದೆ. ಅವಳ ಕೈ ಸರಿಯಾಗಿಯೇ ಇತ್ತು ಎಂದೆ. "ನಿನ್ನೆ ತಂತಿ ಸರಿ ಇರಲಿಲ್ಲ, ಮೇಜು ಅಲುಗಿ ಸರಳು ತೂಗಿತು" ಎಂದೆ. ಅಷ್ಟಕ್ಕೇ ನಿಲ್ಲಿಸಿದೆ.

"ಮೇಜ್ ಅಲ್ಲಾಡ್ಸಿದ್ದು ಯಾರು ಮಿಸ್?" ಹಿಂದಿನಿಂದ ಯಾರೋ ಕೇಳಿದರು.

"ಇನ್ಯಾರು, ಇವ್ಳೇ. ಒಳೀಕೇ ಬಿದ್ದೋಗೋ ಥರ ಬಗ್ಗಿದ್ಳಲ್ಲ," ಎಂದಳು ಅವಳ ಪಕ್ಕದವಳು.

ಅಕ್ಕೂರಿನ ಹುಡುಗಿ ಎದ್ದು ನಿಂತಳು. "ಇರ್ಬೋದು ಮಿಸ್. ಗೊತ್ತಾಗ್ನಿಲ್ಲ. ಸಾರಿ."

"ಪರವಾಗಿಲ್ಲ, ಕೂತ್ಕೋ," ಎಂದೆ.

ನಾನು ಆ ಶಾಲೆಯಲ್ಲಿದ್ದಷ್ಟು ದಿನವೂ, ಪ್ರಯೋಗ ನೋಡಲು ಕರೆದಾಗಲೆಲ್ಲ ಅವಳು ಮೇಜಿನಿಂದ ಒಂದು ಮೊಳ ದೂರವೇ ನಿಲ್ಲುತ್ತಿದ್ದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.